ಅಶ್ವತ್ಥಮ್ಮನ ಹೊಟ್ಟೆಯಲ್ಲಿ ಉಳಿದ ಕಳ್ಳ ಕುಬಸ

ವರ್ತೂರಿನ ಹಳೇ ಬೀದಿಯಲ್ಲಿ ಯಾವ ಹೆಣ್ಣುಮಗಳು ಬಸುರಿಯಾದರೂ ಅವಳ ಗಂಡನಿಗಿಂತ ಮುಂಚೆ ಅಶ್ವತ್ಥಮ್ಮನಿಗೆ ಗೊತ್ತಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅಶ್ವತ್ಥಮ್ಮ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದಳು. ಒಗ್ಗರಣೆ ಹಾಕುವ ಹೊತ್ತಿಗೆ ಪಟ್ಟನೆ ಮುಚ್ಚಿಕೊಳ್ಳುವ ಕಿಟಕಿ, ತರಕಾರಿ ಗಾಡಿಯವನನ್ನು ಸುಮ್ಮಸುಮ್ಮನೆ ಮಾವಿನಕಾಯಿ ಇದೆಯಾ ಎಂದು ಕೇಳುವ ದನಿ, ಮೆಟ್ಟಿಲು ಹತ್ತುವಾಗ ಕಂಬಿ ಹುಡುಕುವ ಕೈ, ಇಷ್ಟು ಸಾಕಿತ್ತು ಅವಳಿಗೆ.

ಒಂದು ಕಾಲದಲ್ಲಿ ಕೆರೆಯ ಹಿಂದೆ ಅವಳಿಗೂ ಗಂಡ ಬೈರಪ್ಪನಿಗೂ ಸೊಪ್ಪಿನ ತೋಟವಿತ್ತು. ಕೊತ್ತಂಬರಿ, ದಂಟು ಕಿತ್ತು ಕಟ್ಟು ಕಟ್ಟುತ್ತ ಅಕ್ಕಪಕ್ಕದ ತೋಟದ ಹೆಂಗಸರ ಜತೆ ಊರ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದಳು. ಈಗ ತೋಟದ ಜಾಗದಲ್ಲಿ ಅಪಾರ್ಟ್‌ಮೆಂಟು ನಿಂತಿದೆ. ಊರೊಳಗಿನ ಹೆಂಚಿನ ಮನೆ ಹೋಗಿ ನಾಲ್ಕು ಅಂತಸ್ತಿನ ಕಟ್ಟಡವಾಗಿದೆ. ಕೆಳಗಿನ ಮನೆಯಲ್ಲಿ ಅಶ್ವತ್ಥಮ್ಮ, ಬೈರಪ್ಪ, ಮಗ ದೀಪು, ಸೊಸೆ ಶ್ಯಾಮಲಾ. ಮೇಲೆಲ್ಲ ಬಾಡಿಗೆಯವರು. ಹೆಚ್ಚಿನವರು ಹೊಸದಾಗಿ ಮದುವೆಯಾಗಿ ಐಟಿ ಕೆಲಸಕ್ಕೆ ಹೋಗುವವರು, ಅಪ್ಪ ಅಮ್ಮಂದಿರನ್ನು ಎಲ್ಲೋ ದೂರದಲ್ಲಿ ಬಿಟ್ಟು ಬಂದವರು. ಕೈಗೆ ಕೆಲಸ ಸಾಲದೆ ಕುಳಿತಿದ್ದ ಅಶ್ವತ್ಥಮ್ಮ ಅವರ ಬಸಿರು ಬಯಕೆಗಳನ್ನೆಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡುಬಿಟ್ಟಳು. ಒಡಿಶಾದ ಹುಡುಗಿಗೆ ಬಳೆ ತೊಡಿಸಿದಳು, ನೆಲ್ಲೂರಿನವಳಿಗೆ ಮಡಿಲು ತುಂಬಿದಳು. ಕನ್ನಡ ಒಂದಕ್ಷರ ಬಾರದವರೂ ಅವಳ ಬಾಯಲ್ಲಿ ಕೇಳಿ ಕೇಳಿ 'ತಿನ್ನಮ್ಮಾ' ಎಂಬುದೊಂದನ್ನು ಚೆನ್ನಾಗಿ ಕಲಿತಿದ್ದರು.

ತೊಂದರೆಯೆಂದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ.

ಇದರ ಬಿಸಿ ಸರಿಯಾಗಿ ತಟ್ಟಿದ್ದು ಸೊಸೆ ಶ್ಯಾಮಲಾಗೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಅವಳು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಎದುರುಮನೆಯ ಮರಿಯಮ್ಮನಿಗೆ ಸುದ್ದಿ ಮುಟ್ಟಿತ್ತು. ಸಂಜೆಯ ಹೊತ್ತಿಗೆ ಹೆಂಗಸರು ಮೋಸಂಬಿ, ಮೊಸರನ್ನ, ಉಪ್ಪಿನಕಾಯಿ ಹಿಡಿದು ಸಾಲಾಗಿ ಬಂದರು. ಮಾರನೇ ದಿನ ಡಾಕ್ಟರು ನೋಡಿ, ಹಿಂದಿನ ರಾತ್ರಿ ತಿಂದ ಪಾನಿಪೂರಿಯದು ಕೆಲಸ ಎಂದರು. ಆಮೇಲೆ ವರ್ಷವಿಡೀ ಬೀದಿಯ ಜನ ಶ್ಯಾಮಲಾಳ ಮುಖ ಬಿಟ್ಟು ಹೊಟ್ಟೆ ನೋಡಿಕೊಂಡೇ ಮಾತಾಡಿದರು. ಅಂದಿನಿಂದ ಅವಳು ಅತ್ತೆಯ ಹತ್ತಿರ ಸಾರಿಗೆ ಉಪ್ಪು ಹಾಕಿದ್ದೇನೆ ಎಂಬುದನ್ನು ಬಿಟ್ಟು ಬೇರೆ ಯಾವ ಸುದ್ದಿಯನ್ನೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಅಶ್ವತ್ಥಮ್ಮ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದಳು. ಆಟೋದಿಂದ ಒಬ್ಬ ಹೆಂಗಸು ಚೀಲಗಳ ರಾಶಿಯೊಂದಿಗೆ ಇಳಿದಳು. ಹಣೆಯಲ್ಲಿ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಬೀದಿಗೆಲ್ಲ ಕೇಳುವ ದನಿ. ಎರಡನೇ ಮಹಡಿಯ ಸ್ಫೂರ್ತಿಯ ತಾಯಿ ಗಂಗಮ್ಮ, ಕೊಟ್ಟೂರಿನಿಂದ ಬಂದಿದ್ದಳು.

"ಏನ್ ಗಂಗಮ್ಮೋರೇ, ಇದ್ದಕ್ಕಿದ್ದಂಗೆ ಬಂದ್ರಿ? ಏನ್ ಇಸೇಸ?"

"ಏನೂ ಇಲ್ರಿ ಅಕ್ಕಾರ. ಮಗಳನ್ನ ನೋಡಿ ಭಾಳ ದಿನಾ ಆಗಿತ್ತು, ಅದಕ ಬಂದೆ."

ಹಾಗೆನ್ನುವಾಗ ಚೀಲದ ಬಾಯಿಂದ ಹಸಿರು ಬಟ್ಟೆಯ ಅಂಚು ಹೊರಗೆ ಇಣುಕಿತು. ಗಂಗಮ್ಮ ಅದನ್ನು ಗಡಿಬಿಡಿಯಿಂದ ಒಳಕ್ಕೆ ತುರುಕಿದಳು. ತುರುಕದೆ ಬಿಟ್ಟಿದ್ದರೆ ಅಶ್ವತ್ಥಮ್ಮ ಅದನ್ನು ನೋಡುತ್ತಲೂ ಇರಲಿಲ್ಲ.

ಈ ಸ್ಫೂರ್ತಿಯ ಮೇಲೆ ಅವಳಿಗೆ ಮೊದಮೊದಲು ಗುಮಾನಿಯಿತ್ತು. ಹುಡುಗಿ ಸೊರಗಿದ್ದಾಳಲ್ಲ ಎಂದು ಕೇಳಿದಾಗಲೆಲ್ಲ ಗಂಡ ಕೊಟ್ರೇಶ, "ಗ್ಯಾಸ್ಟ್ರಿಕ್ ಆಂಟಿ" ಎಂದು ಹೇಳಿ ಜಾರಿಕೊಳ್ಳುತ್ತಿದ್ದ. ಕೊನೆಗೆ ಅದನ್ನೇ ನಂಬಿದ ಅಶ್ವತ್ಥಮ್ಮ ಜೀರಿಗೆ ಕಷಾಯ ಕಾಯಿಸಿ ಕೊಟ್ಟೂ ಇದ್ದಳು. ಈಗ ಎರಡನೇ ಮಹಡಿಯಿಂದ ಒಬ್ಬಟ್ಟಿನ ಘಮ ಇಳಿದು ಬರತೊಡಗಿತು. ಗ್ಯಾಸ್ಟ್ರಿಕ್ ಆದವರ ಮನೆಯಲ್ಲಿ ಒಬ್ಬಟ್ಟೇಕೆ? ಟ್ಯಾಂಕಿನ ನೀರು ನೋಡುವ ನೆಪ ಮಾಡಿಕೊಂಡು ಅಶ್ವತ್ಥಮ್ಮ ಮಹಡಿ ಹತ್ತಿದಳು. ಏನೂ ಕಾಣಲಿಲ್ಲ. ಇಳಿದಳು. ಮತ್ತೆ ಹತ್ತಿದಳು. ಆಗ ತೆರೆದ ಕಿಟಕಿಯೊಳಗಿಂದ ಗಂಗಮ್ಮನ ಪಿಸುಮಾತು ಕೇಳಿಸಿತು. ಗಂಗಮ್ಮನ ಪಿಸುಮಾತೆಂದರೆ ಬೇರೆಯವರ ಮಾಮೂಲಿ ಮಾತಿನಷ್ಟು ಜೋರು.

"ಕಳ್ಳ ಕುಬಸ ಅಂದ್ರ ಕಳ್ಳ ಕುಬಸಾನ ಇರಬೇಕು. ಆ ಕೆಳಗಿನ ಮನಿಯಾಕಿ ಕಿವಿಗೆ ಬಿತ್ತಂದ್ರ ಮುಗೀತು ನೋಡು!"

ಕುಬಸ ಎಂದರೆ ಕುಪ್ಪಸವಿರಬೇಕು, ಕುಪ್ಪಸವೆಂದರೆ ರವಿಕೆ ಎಂದು ಅಶ್ವತ್ಥಮ್ಮ ಮನಸ್ಸಿನಲ್ಲೇ ಕೂಡಿಸಿದಳು. ಟೆರೇಸಿನ ಹಗ್ಗದ ಮೇಲೆ ಒಣಹಾಕಿದ್ದ ಅವಳ ಹಸಿರು ರವಿಕೆ ನಿನ್ನೆಯಿಂದ ಕಾಣಿಸುತ್ತಿರಲಿಲ್ಲ. ಚೀಲದೊಳಕ್ಕೆ ತುರುಕಿದ ಬಟ್ಟೆಯೂ ಹಸಿರೇ. ಆ ಚೀಲ ಇವತ್ತು ತಾನೇ ಆಟೋದಿಂದ ಇಳಿದದ್ದು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು.

"ಬಾಡಿಗೆ ಮನೇಲಿದ್ಕೊಂಡು ಓನರ್ ರವಿಕೇನೇ ಕದೀತೀರಾ?"

ಒಳಗೆ ಸ್ಫೂರ್ತಿ ಹೊಸ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಕೈತುಂಬ ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಹಣ್ಣು. ಎದುರಿಗೆ ಆರತಿ ತಟ್ಟೆಯ ಒಂದು ಬದಿಯನ್ನು ಗಂಗಮ್ಮ ಹಿಡಿದಿದ್ದಳು, ಇನ್ನೊಂದು ಬದಿಯನ್ನು ಕೊಟ್ರೇಶ. ಅವನು ಸೆರಗಿನ ಬದಲು ತಲೆಯ ಮೇಲೊಂದು ಟವೆಲ್ಲು ಹೊದ್ದು, ಮ್ಯಾನೇಜರಿನ ಮುಂದೆ ನಿಂತವನಂತೆ ಬಿಗಿದುಕೊಂಡಿದ್ದ.

ರವಿಕೆ, ಕಳ್ಳತನ ಎಲ್ಲವೂ ಅಶ್ವತ್ಥಮ್ಮನ ತಲೆಯಿಂದ ಹಾರಿಹೋದವು.

"ಅಯ್ಯೋ ನನ್ ಕಂದಾ! ಇದೇನಮ್ಮಾ ನಿನ್ ಗ್ಯಾಸ್ಟ್ರಿಕ್ಕು?"

ಸ್ಫೂರ್ತಿ ನಾಚಿ ನಕ್ಕಳು. ಗಂಗಮ್ಮ ನಿಟ್ಟುಸಿರು ಬಿಟ್ಟಳು.

"ನಮ್ಮ ಕಡಿ ಐದು ತಿಂಗಳಾಗ ಕಳ್ಳ ಕುಬಸ ಅಂತ ಮಾಡ್ತೀವ್ರಿ ಅಕ್ಕಾರ. ತವರಿನವರು ಗುಟ್ಟಾಗಿ ಬರೂದು, ಹಸರು ಸೀರಿ ಕುಬಸ ಉಡಸೂದು, ಉಡಿ ತುಂಬೂದು, ಉಣಿಸಿ ಹೋಗೂದು. ಕಣ್ಣು ಬೀಳಬಾರ್ದು ಅಂತ ಯಾರಿಗೂ ಹೇಳಂಗಿಲ್ಲ. ಏಳರಾಗ ಊರಿಗೆಲ್ಲಾ ಹೇಳಿ ಮಾಡೂದು ಬ್ಯಾರೆ."

"ಅದ್ಸರಿ, ಅದಕ್ಕೆ ಗಂಡಸು ಆರತಿ ಎತ್ತೋದಾ? ಕೊಡಪ್ಪ ಇಲ್ಲಿ."

"ಇನ್ನೊಬ್ಬ ಮುತ್ತೈದಿ ಸಿಗಲಿಲ್ರಿ," ಎಂದಳು ಗಂಗಮ್ಮ ಸೋತವಳಂತೆ. ಕೊಟ್ರೇಶ ಬದುಕಿದೆಯಾ ಬಡಜೀವವೇ ಎಂದು ತಟ್ಟೆ ಬಿಟ್ಟುಕೊಟ್ಟ. ಅಶ್ವತ್ಥಮ್ಮ ಆರತಿ ಎತ್ತಿದಳು, ಹುಡುಗಿಯ ಕೆನ್ನೆ ಸವರಿ ನೆಟಿಕೆ ಮುರಿದಳು, ಹೋಳಿಗೆ ಎಂಬ ಹೆಸರಿನಲ್ಲಿ ಬಂದ ಒಬ್ಬಟ್ಟನ್ನು ಹಾಲು ತುಪ್ಪದಲ್ಲಿ ಕಲಸಿ ತಾನೂ ಉಂಡಳು. ಹೊರಡುವಾಗ ಗಂಗಮ್ಮ ಅವಳ ಕೈಯನ್ನು ಹಿಡಿದು ಮಗಳ ತಲೆಯ ಮೇಲೆ ಇರಿಸಿದಳು.

"ಏಳರ ತನಕ ಬಾಯಿ ಬಿಡಂಗಿಲ್ಲ. ಈಕಿ ತಲಿ ಮುಟ್ಟಿ ಹೇಳ್ರಿ."

"ನಾನ್ ಯಾಕಮ್ಮಾ ಯಾರಿಗಾನಾ ಯೋಳ್ಲಿ? ನಂಗೇನ್ ಬೇರೆ ಕೆಲ್ಸ ಇಲ್ವಾ?" ಎಂದಳು ಅಶ್ವತ್ಥಮ್ಮ. ಸ್ಫೂರ್ತಿ ಮತ್ತು ಕೊಟ್ರೇಶ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮನೆಗೆ ಬಂದು ನೋಡಿದರೆ ಹಸಿರು ರವಿಕೆ ಬೀರುವಿನಲ್ಲೇ ಇತ್ತು. ಆದರೆ ಈಗ ಅದಕ್ಕಿಂತ ದೊಡ್ಡ ಸಂಕಟ ಶುರುವಾಗಿತ್ತು. ಸಂಜೆ ಜಗಲಿಯ ಮೇಲೆ ಮರಿಯಮ್ಮ ಬಂದು ಕುಳಿತು, "ಮೇಲ್ಗಡೆ ಯಾರೋ ಬಂದಂಗಿತ್ತಲ್ಲಕ್ಕಾ?" ಎಂದಾಗ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅಶ್ವತ್ಥಮ್ಮ ಪಕ್ಕದಲ್ಲಿದ್ದ ಎಲೆ ಅಡಿಕೆಯನ್ನು ಬಾಯ್ತುಂಬ ತುರುಕಿಕೊಂಡು ಬರಿಯ ತಲೆಯಾಡಿಸಿದಳು. ಮಾರನೇ ಸಂಜೆಯೂ ಹಾಗೇ ಆಯಿತು. ಆಮೇಲೆ ಜಗಲಿಗೆ ಬರುವುದನ್ನೇ ಬಿಟ್ಟಳು. ಫೋನು ಬಂದರೆ ಬೈರಪ್ಪನ ಕೈಗೆ ಕೊಟ್ಟಳು. ಟಿವಿಯ ಮುಂದೆ ಕುಳಿತವಳು ಧಾರಾವಾಹಿಯ ಅತ್ತೆಗೂ ಬೈಯಲಿಲ್ಲ.

ಬೈರಪ್ಪನಿಗೆ ಗಾಬರಿಯಾಯಿತು. ಬಲವಂತ ಮಾಡಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ.

"ಮದ್ವೆ ಆದಾಗಿಂದ ಇವ್ಳಿಗೆ ಇಂಗೆ ಯಾವತ್ತೂ ಆಗಿರ್ಲಿಲ್ಲ ಸಾರ್. ಮಾತೇ ಆಡ್ತಿಲ್ಲ."

ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿದರು. "ನೋವಿದ್ಯಾ ಅಮ್ಮ?"

"ಇಲ್ಲ ಸಾರ್."

"ಮಾತಾಡೋಕೆ ಆಗ್ತಿದೆಯಲ್ಲ?"

"ಆಗ್ತೈತೆ. ಆದ್ರೆ ಆಡಂಗಿಲ್ಲ."

ಡಾಕ್ಟರು ಬೈರಪ್ಪನ ಮುಖ ನೋಡಿದರು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಯಾವುದಕ್ಕೂ ಇರಲಿ ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಅತ್ತೆ ಪಡುತ್ತಿದ್ದ ಪಾಡನ್ನು ಶ್ಯಾಮಲಾ ಅಡುಗೆಮನೆಯಿಂದ ಗಮನಿಸುತ್ತಿದ್ದಳು.

ಅಂತೂ ಏಳನೇ ತಿಂಗಳು ಬಂತು. ಸ್ಫೂರ್ತಿ ಕೆಳಗಿಳಿದು ಬಂದು, "ಆಂಟಿ, ಭಾನುವಾರ ಟೆರೇಸಲ್ಲಿ ಬೇಬಿ ಶವರ್ ಇಟ್ಕೊಂಡಿದ್ದೀವಿ, ಪರ್ಮಿಶನ್ ಬೇಕು" ಎಂದಳು.

"ಶವರ್ರಾ? ಬೋರ್‌ವೆಲ್ ಒಣಗಿ ಟ್ಯಾಂಕರ್ ತರಿಸ್ತಿದೀನಲ್ಲಮ್ಮಾ! ಸೀಮಂತ ಬೇಕಾದ್ರೆ ಮಾಡ್ಕೊಳಿ, ಶವರ್ ಗಿವರ್ ಎಲ್ಲ ಬ್ಯಾಡ."

ಎರಡೂ ಒಂದೇ ಎಂದು ತಿಳಿಸಿ ಹೇಳುವಷ್ಟರಲ್ಲಿ ಸ್ಫೂರ್ತಿಗೆ ಸಾಕಾಯಿತು. ತಿಳಿದದ್ದೇ ತಡ, ಅಶ್ವತ್ಥಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಬೈರಪ್ಪ ಶಾಮಿಯಾನ ಕಟ್ಟಿಸಿದ. ಕೊಟ್ಟೂರಿನಿಂದ ಗಂಗಮ್ಮನ ಕಡೆಯವರು ರೊಟ್ಟಿ, ಶೇಂಗಾ ಚಟ್ನಿ, ಕರ್ಚಿಕಾಯಿಯ ಡಬ್ಬಗಳನ್ನು ಹೊತ್ತು ಬಂದರು. ಸ್ಫೂರ್ತಿಯ ಆಫೀಸಿನ ಗೆಳತಿಯರು ಬಲೂನಿನ ಕಮಾನು ಕಟ್ಟಿದರು. ಬಳೆ ತೊಡಿಸಿದ್ದಾಯಿತು, ಆರತಿಯಾಯಿತು, ಹಾಡಾಯಿತು, ಕೇಕೂ ಆಯಿತು. ಆಮೇಲೆ ಗೆಳತಿಯರು ಆಟಕ್ಕೆ ನಿಂತರು. ಮಗುವಿನ ಡೈಪರುಗಳಲ್ಲಿ ಬೇರೆ ಬೇರೆ ಚಾಕಲೇಟನ್ನು ಕರಗಿಸಿ ಹಚ್ಚಿ, ಯಾವ ಚಾಕಲೇಟು ಎಂದು ಹೇಳುವ ಆಟ. ಹುಡುಗಿಯರು ಒಬ್ಬೊಬ್ಬರಾಗಿ ಡೈಪರು ಮೂಸಿದರು, ಬೆರಳು ಅದ್ದಿ ನೆಕ್ಕಿದರು.

ಚಾಕಲೇಟಿನ ವಿಷಯ ಗೊತ್ತಿಲ್ಲದೆ ದೂರದಲ್ಲಿ ನಿಂತಿದ್ದ ಗಂಗಮ್ಮ ಅಶ್ವತ್ಥಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದಳು. "ಅಕ್ಕಾರ, ಏನ್ರಿ ಇದು? ಇವರು ಇಂಜಿನಿಯರ್ರ ಹೌದಿಲ್ಲೋ?"

"ಕೂಸೇ ಉಟ್ಟಿಲ್ಲ, ಇದ್ಯಾರದ್ದಮ್ಮಾ!" ಎಂದು ಅಶ್ವತ್ಥಮ್ಮ ಮೂಗು ಮುಚ್ಚಿಕೊಂಡಳು. ಕೊಟ್ರೇಶ ಬಂದು ವಿವರಿಸಿದ ಮೇಲೂ ಇಬ್ಬರೂ ಆ ಕಡೆ ತಲೆ ಹಾಕಲಿಲ್ಲ.

ಊಟದ ಹೊತ್ತಿಗೆ ಅಶ್ವತ್ಥಮ್ಮನಿಂದ ಇನ್ನು ತಡೆಯಲಾಗಲಿಲ್ಲ. ಮರಿಯಮ್ಮನನ್ನೂ ಬೀದಿಯ ಹೆಂಗಸರನ್ನೂ ಕೂರಿಸಿಕೊಂಡು ಘೋಷಿಸಿದಳು. "ನಿಮ್ಗೆಲ್ಲ ಇವತ್ತು ಗೊತ್ತಾಯ್ತು. ನಂಗೆ ಐದ್ನೇ ತಿಂಗ್ಳಲ್ಲೇ ಗೊತ್ತು. ಒಬ್ರಿಗಾದ್ರೂ ಬಾಯಿ ಬಿಟ್ನಾ ಕೇಳಿ!"

ಹೆಂಗಸರು ಮಿಕಮಿಕ ನೋಡಿದರು. ಮರಿಯಮ್ಮ ಅನ್ನದ ತುತ್ತನ್ನು ನುಂಗಿ, "ನಮ್ಗೂ ಗೊತ್ತಿತ್ತು ಕಣಕ್ಕಾ. ಆ ಗಂಗಮ್ಮೋರು ಊರ್ಗೆ ವಾಪಸ್ ಹೋಗೋವಾಗ್ಲೇ ಬಸ್ ಸ್ಟಾಪಲ್ಲಿ ಸಿಕ್ಕಿ ಯೋಳಿದ್ರು, ಯಾರಿಗೂ ಯೋಳ್ಬೇಡಿ ಅಂತ" ಎಂದಳು. ತರಕಾರಿ ಗಾಡಿಯವನಿಗೆ ಕೊಟ್ರೇಶನೇ ಹೇಳಿದ್ದನಂತೆ. ಬೈರಪ್ಪನಿಗೂ ಗೊತ್ತಿತ್ತು. ಶ್ಯಾಮಲಾಗಂತೂ ಸ್ಫೂರ್ತಿ ಮೂರನೇ ತಿಂಗಳಲ್ಲೇ ಹೇಳಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅಶ್ವತ್ಥಮ್ಮನೂ ನಕ್ಕಳು. ಆದರೆ ಅವಳ ನಗು ಅರ್ಧಕ್ಕೇ ನಿಂತುಹೋಯಿತು. ಇಷ್ಟು ಜನಕ್ಕೆ ಹೇಳಿದವರು ತನಗೊಬ್ಬಳಿಗೆ ಮಾತ್ರ ಹೇಳಿರಲಿಲ್ಲ. ಬಾಗಿಲು ತಳ್ಳಿಕೊಂಡು ನುಗ್ಗದಿದ್ದರೆ ಇವತ್ತಿಗೂ ತಾನು ಗ್ಯಾಸ್ಟ್ರಿಕ್ಕಿಗೆ ಕಷಾಯ ಕಾಯಿಸುತ್ತಿದ್ದೆ ಎನ್ನಿಸಿ ಮನಸ್ಸು ಪೆಚ್ಚಾಯಿತು.

ನೆಂಟರೆಲ್ಲ ಹೋದರು. ಅಶ್ವತ್ಥಮ್ಮ ಟೆರೇಸಿನಲ್ಲಿ ಒಬ್ಬಳೇ ಕುರ್ಚಿ ಮಡಚಿ ಜೋಡಿಸುತ್ತಿದ್ದಳು. ಶ್ಯಾಮಲಾ ಮೇಲೆ ಬಂದಳು. ಅತ್ತೆ ಒಂದು ಕುರ್ಚಿ ಕೊಟ್ಟರೆ ಅವಳು ತೆಗೆದುಕೊಳ್ಳಲಿಲ್ಲ.

"ನಾನು ಭಾರ ಎತ್ತಬಾರದಂತೆ ಅತ್ತೆ."

"ಯಾಕಮ್ಮಾ, ಸೊಂಟ ನೋವಾ?"

ಶ್ಯಾಮಲಾ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅವಳ ತುಟಿಯಂಚಿನಲ್ಲಿ ನಗುವಿತ್ತು. ಅಶ್ವತ್ಥಮ್ಮನ ಕೈಯಿಂದ ಕುರ್ಚಿ ಧಡಾರನೆ ಕೆಳಗೆ ಬಿತ್ತು.

"ಪಾನಿಪೂರಿ ಏನಾದ್ರೂ ತಿಂದ್ಯಾ?" ಎಂದು ಹೆದರುತ್ತ ಕೇಳಿದಳು.

"ಇಲ್ಲ ಅತ್ತೆ. ಈ ಸಲ ಡಾಕ್ಟರೇ ಹೇಳಿದ್ದು. ಎರಡು ತಿಂಗಳು."

ಬೀದಿಯ ಬಸುರಿಯರನ್ನೆಲ್ಲ ಕಂಡುಹಿಡಿದಿದ್ದವಳಿಗೆ ತನ್ನ ಅಡುಗೆಮನೆಯಲ್ಲೇ ಓಡಾಡುತ್ತಿದ್ದ ಬಸುರಿ ಕಂಡಿರಲಿಲ್ಲ. ಅಶ್ವತ್ಥಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಕುಳಿತಲ್ಲಿಂದಲೇ ಕೇಳಿದಳು. "ದೀಪುಗೆ ಗೊತ್ತಾ?"

"ಗೊತ್ತು."

"ನಿಮ್ಮಮ್ಮಂಗೆ?"

"ಅಮ್ಮಂಗೆ ನಾಳೆ ಹೇಳ್ತೀನಿ. ಇವತ್ತು ನಿಮಗೇ ಹೇಳೋಣ ಅನ್ನಿಸ್ತು," ಎಂದಳು ಶ್ಯಾಮಲಾ. "ನೀವು ಮಾತಾಡದೆ ಆಸ್ಪತ್ರೆಗೆ ಹೋಗಿ ಬಂದ್ರಲ್ಲ, ಅವತ್ತೇ ಅಂದ್ಕೊಂಡೆ, ನಿಮ್ಮ ಹತ್ರಾನೂ ಗುಟ್ಟು ನಿಲ್ಲುತ್ತೆ ಅಂತ."

ಹೆತ್ತ ತಾಯಿಗಿಂತ ಮೊದಲು ತನಗೆ! ಅಶ್ವತ್ಥಮ್ಮ ಸೊಸೆಯನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಿಕ್ಕಿದ್ದ ಕರ್ಚಿಕಾಯಿ ತಂದು ಬಾಯಿಗಿಟ್ಟಳು. ಯಾರಿಗೂ ಹೇಳಬೇಡಿ ಎಂದು ಶ್ಯಾಮಲಾ ಹೇಳಲಿಲ್ಲ, ಅಶ್ವತ್ಥಮ್ಮನೂ ಹೇಳಿಸಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಹೊಸಕೋಟೆಯಿಂದ ಬೀಗಿತ್ತಿಯ ಫೋನು ಬಂತು. ಅಶ್ವತ್ಥಮ್ಮ ತಾನೇ ಎತ್ತಿಕೊಂಡಳು. ಆ ಕಡೆಯಿಂದ ಶ್ಯಾಮಲಾಳ ತಾಯಿಯ ಸಂಭ್ರಮದ ದನಿ ಬಂತು.

"ಬೀಗ್ತೀ, ಕೂತ್ಕೊಂಡಿದ್ದೀರಾ? ಕೂತ್ಕೊಳಿ ಮೊದ್ಲು. ಒಂದು ಸಿಹಿ ಸುದ್ದಿ ಯೋಳ್ತೀನಿ!"

ಸುದ್ದಿ ಕೇಳಿ ಅಶ್ವತ್ಥಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನಮ್ಮಪ್ಪಾ! ಔದಾ? ಒಂದೇ ಮನೇಲಿದ್ಕೊಂಡು ನಂಗೇ ಗೊತ್ತಾಗ್ಲಿಲ್ವಲ್ಲಾ!"

"ಊರ್‌ಗೆಲ್ಲಾ ಮೊದ್ಲೇ ಗೊತ್ತಾಗೋ ನಿಮ್ಗೇ ಗೊತ್ತಾಗ್ಲಿಲ್ವಾ? ನಂಗೇ ಮೊದ್ಲು ಯೋಳಿದ್ಲು ನನ್ ಮಗ್ಳು," ಎಂದು ಬೀಗಿತ್ತಿ ಬೀಗಿದಳು.

ಈ ಮಾತು ಅಶ್ವತ್ಥಮ್ಮನಿಗೆ ಚುಚ್ಚಿತು. ಬಾಯಿ ತೆರೆದಳು. ಅಡುಗೆಮನೆಯ ಬಾಗಿಲಲ್ಲಿ ಶ್ಯಾಮಲಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು. ಅಶ್ವತ್ಥಮ್ಮ ಗೋಡೆಗೊರಗಿ, ಕಾಲು ಚಾಚಿ ಕುಳಿತು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ತಾಯಿ ಮುಂದೆ ನಾವ್ಯಾವ ಲೆಕ್ಕ ಬಿಡಿ," ಎಂದಳು. "ಅದೇನು, ಎಷ್ಟ್ ತಿಂಗ್ಳು ಅಂದ್ರಿ?"