ಹುಲುಗಮ್ಮನ ಮುಷ್ಟಿಯೊಳಗಿನ ಗಂಟು

ಅಂಜಿನೇಯ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ರಜೆ ಸಿಕ್ಕ ದಿನ ಮಾತ್ರ ಕರಿಕೋಟು ತೊಟ್ಟ ಜಾದೂಗಾರ. ಸಂಡೂರಿರಲಿ, ಕಂಪ್ಲಿಯಿರಲಿ, ಯಾವ ಶಾಲೆಯವರು ಕರೆದರೂ ಹಾಜರು. ಜೊತೆಗೆ ಅಕ್ಕ ಹುಲುಗಮ್ಮನೂ ಹಾಜರು, ಅದೂ ಮುಂದಿನ ಸಾಲಿನಲ್ಲೇ. ಹುಟ್ಟಿನಿಂದ ಕಣ್ಣು ಕಾಣದ ಅವಳು ಹೊಸಪೇಟೆ ಮಾರ್ಕೆಟ್ಟಿನಲ್ಲಿ ಹೂ ಕಟ್ಟುತ್ತಾಳೆ. ಅವಳ ಬೆರಳುಗಳ ಓಟ ಕಂಡರೆ ಆ ಮನೆಯಲ್ಲಿ ಜಾದೂಗಾರ ಯಾರೆಂದು ನಿಮಗೇ ಅನುಮಾನ ಬಂದೀತು.

ಅಕ್ಕನಿಗೆ ಕಾಣುವುದಿಲ್ಲವಲ್ಲ ಎಂಬ ಅಕ್ಕರೆಯಿಂದ ಅಂಜಿನೇಯ ಮೊದಲಿನಿಂದಲೂ ಪ್ರತಿ ಆಟದ ಗುಟ್ಟನ್ನು ಅವಳ ಕಿವಿಯಲ್ಲಿ ಹೇಳುತ್ತ ಬಂದಿದ್ದ. ಅದೇ ಎಡವಟ್ಟಾಯಿತು. ಕಂಪ್ಲಿಯ ಶಾಲೆಯೊಂದರಲ್ಲಿ ಪಾರಿವಾಳ ಇನ್ನೂ ಕೋಟಿನೊಳಗೇ ಇರುವಾಗ ಹುಲುಗಮ್ಮ ಒಬ್ಬಳೇ ಪಟಪಟನೆ ಚಪ್ಪಾಳೆ ತಟ್ಟಿಬಿಟ್ಟಳು. ಸಭೆಯೆಲ್ಲ ಅತ್ತ ತಿರುಗಿತು. ಹೊರಗೆ ಬರಲೋ ಬೇಡವೋ ಎಂದು ಪಾರಿವಾಳಕ್ಕೇ ಗೊಂದಲವಾಯಿತು.

ವಾಪಸು ಬರುವ ಬಸ್ಸಿನಲ್ಲಿ ಅಂಜಿನೇಯ ಮುಖ ಊದಿಸಿಕೊಂಡಿದ್ದ. “ಅಕ್ಕಾ, ಮಾನ ಕಳದೆಲ್ಲ! ಅಷ್ಟ್ಯಾಕ ಜಲ್ದಿ?”

“ಲೇ ಅಂಜಿ, ಹಕ್ಕಿ ಯಾವ ಕಿಸೆದಾಗೈತಿ ಅಂತ ನೀನ ಹೇಳಿಯಲ್ಲ. ಮಂದಿ ‘ಹಾ’ ಅಂತಾರ. ಆ ‘ಹಾ’ ನನ್ನ ಬಾಯಾಗ ಒಂದಿನಾನೂ ಬಂದಿಲ್ಲ ನೋಡು. ನಿನಗ ಬ್ಯಾಸರ ಆಗಬಾರದಂತ ಚಪ್ಪಾಳಿ ಹೊಡಿತೀನಿ.”

ಅಂಜಿನೇಯನಿಗೆ ಆಗ ಅರ್ಥವಾಯಿತು. ಊರಿಗೆಲ್ಲ ಬೆರಗು ಹಂಚಿದವನು ಅಕ್ಕನಿಗೆ ಬರೀ ಗುಟ್ಟು ಕೊಟ್ಟಿದ್ದ. ಒಂದು ಸಲವಾದರೂ ಅವಳನ್ನು ಬೇಸ್ತು ಬೀಳಿಸಲೇಬೇಕೆಂದು ಹಟ ಹಿಡಿದ.

ಬಾಳೆನಾರಿಗೆ ಗಂಟು ಹಾಕಿ ಅವಳ ಮುಷ್ಟಿಯಲ್ಲಿಡುವುದು, ಎಳೆದರೆ ಗಂಟು ಮಾಯ. ಇದು ಅವನ ಉಪಾಯ. ಮಾರ್ಕೆಟ್ಟಿನಲ್ಲಿ ಅವಳ ಹೂವಿನ ಬುಟ್ಟಿಗಳ ನಡುವೆ ಕುಳಿತು, ವೇದಿಕೆಯ ಗತ್ತಿನಲ್ಲಿ “ಇತ್ಲಾಗ ನೋಡ್ರೀ!” ಎಂದು ಬಲಗೈ ಬೀಸಿದ. ಅಷ್ಟರಲ್ಲಿ ಎಡಗೈ ನಾರನ್ನು ಬದಲಿಸಿತ್ತು.

“ಯಾರಿಗೆ ನೋಡು ಅಂತೀಯೋ?” ಹುಲುಗಮ್ಮ ನಕ್ಕಳು. “ಈ ನಾರು ನಂದಲ್ಲ. ನಾ ನೆನಸಿಟ್ಟಿರ್ತೀನಿ, ಇದು ಒಣಗೈತಿ.”

ಹೂ ಕಟ್ಟುವವರು ನಾರನ್ನು ನೀರಲ್ಲಿ ನೆನೆಸಿಡುತ್ತಾರೆಂಬುದು, ಹೂವಿನ ದುಡ್ಡಿನಲ್ಲೇ ಬೆಳೆದ ಈ ಮಹಾಶಯನಿಗೆ ಹೊಳೆದಿರಲಿಲ್ಲ. ಪಕ್ಕದಂಗಡಿಯ ಲಲಿತಾ ಬಿದ್ದು ಬಿದ್ದು ನಕ್ಕಳು.

ಅಂದಿನಿಂದ ಅಂಜಿನೇಯ ಕಾರ್ಖಾನೆಯ ಬಸ್ಸಿನಲ್ಲಿ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಅಭ್ಯಾಸಕ್ಕೆ ಇಳಿದ. ನಿದ್ದೆ ಹೊಡೆಯುತ್ತಾನೆಂದು ಜೊತೆಯವರು ತಿಳಿದರು. ಕಣ್ಣು ಮುಚ್ಚಿದ ಮೇಲೆಯೇ ಅವನಿಗೆ ತಿಳಿದದ್ದು: ಅಕ್ಕನ ಗಮನ ಸೆಳೆಯಬೇಕಾದರೆ ಕೈ ಬೀಸಿ ಪ್ರಯೋಜನವಿಲ್ಲ, ಅವಳ ಮೈಯನ್ನು ಮುಟ್ಟಬೇಕು.

ಮುಂದಿನ ರಜೆಯ ದಿನ ಮತ್ತೆ ಅವಳೆದುರು ಕುಳಿತ. ಈ ಸಲ ನಾರು ಅವಳದೇ, ಗಂಟು ಹಾಕಿದ್ದೂ ಅವಳೇ. “ಬಿಗಿ ಮಾಡಿ ಕೊಡ್ತೀನಿ ತಾಳು” ಎಂದು ಇಸಿದುಕೊಂಡ. ಅದೇ ಹೊತ್ತಿಗೆ, ನೆನೆದ ಮರುಗದ ಕಟ್ಟೊಂದು ಅವಳ ಎಡ ಮಣಿಕಟ್ಟಿನ ಮೇಲೆ ತಣ್ಣಗೆ ಬಿತ್ತು.

“ಅಯ್ಯ, ಇದೇನೋ!” ಎಂದು ಅವಳು ಕೈ ಕೊಡವುವಷ್ಟರಲ್ಲಿ ನಾರು ಮುಷ್ಟಿಗೆ ಬಂದಿತ್ತು. ಬೆರಳಿಂದ ಒತ್ತಿ ನೋಡಿದಳು. ಗಂಟು ಗಟ್ಟಿಯಾಗಿಯೇ ಇತ್ತು.

“ಈಗ ಎರಡೂ ತುದಿ ಹಿಡಿದು ಎಳಿ ಅಕ್ಕಾ.”

ಎಳೆದಳು. ನಾರು ನುಣ್ಣಗೆ ಜಾರಿತು. ಈ ತುದಿಯಿಂದ ಆ ತುದಿಗೆ ಬೆರಳು ಓಡಿಸಿದಳು, ಮತ್ತೆ ಆ ತುದಿಯಿಂದ ಈ ತುದಿಗೆ. ಮಡಿಲು ತಡವಿದಳು, ಸೆರಗು ಝಾಡಿಸಿದಳು. ದಿನವಿಡೀ ಗಂಟು ಹಾಕುವ ಕೈಗೆ ತನ್ನದೇ ಒಂದು ಗಂಟು ಸಿಗಲಿಲ್ಲ.

“ಹಾ! ಲೇ... ಎಲ್ಲಿ ಹೋತೋ ಅದು?”

ಅಂಜಿನೇಯನ ಕಣ್ಣಲ್ಲಿ ನೀರಾಡಿತು. ಖುಷಿಯ ಭರದಲ್ಲಿ, ಹಳೆಯ ರೂಢಿಯಂತೆ ಅವಳ ಕಿವಿಯ ಹತ್ತಿರ ಬಗ್ಗಿದ. “ಅದೇನಾತಂದ್ರ ಅಕ್ಕಾ...”

ಹುಲುಗಮ್ಮ ಒದ್ದೆ ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

“ಹೇಳಬ್ಯಾಡೋ. ಇದೊಂದು ನನಗ ಇರ್ಲಿ.”