ಬೇವಿನ ಕೊಂಬೆಯ ಅಂಗಿಗಳು

ನಮ್ಮ ಮನೆಗೆ ಹಾಲು ತರುವ ಹೆಂಗಸು ಮೊನ್ನೆ ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳಿದಳು. "ಅಣ್ಣಾರ, ತುಂಬುತೋಳಿನ ಹಳೀ ಅಂಗಿ ಇದ್ರ ಕೊಡ್ರಿ. ಜ್ವಾಳ ಒಕ್ಕಾಕ ಹೊಂಟೀನಿ." ಟ್ರಂಕಿನಿಂದ ಒಂದನ್ನು ತೆಗೆದೆ. ಗುಂಡಿ ಉದುರಿ ತೋಳಿನ ತುದಿ ಜೋತಾಡುತ್ತಿತ್ತು. ಕೊಡಲು ಚಾಚಿದವನು ಹಿಂದಕ್ಕೆ ಎಳೆದುಕೊಂಡೆ...

ಎಂಜಿನಿಯರಿಂಗ್ ಮುಗಿಸಿದ ವರ್ಷ ಕೊಟ್ಟೂರಿನ ಒಬ್ಬ ವೆಲ್ಡಿಂಗ್ ಮೇಸ್ತ್ರಿಯ ಬಳಿ ಕೆಲಸಕ್ಕೆ ಸೇರಿದ್ದೆ. ಮೆಕ್ಕೆಜೋಳದ ತೆನೆ ಒಕ್ಕುವ ಯಂತ್ರ ಮಾಡುತ್ತಿದ್ದರು. ಕೊಳ್ಳಲು ಬಂದವರನ್ನು ಅವರು ಮೊದಲು ಕೇಳುತ್ತಿದ್ದದ್ದು ಒಂದೇ: "ತೆನಿ ಹಾಕೋರು ನೀವೇನ್ರಿ ಗೌಡ್ರ? ಅಲ್ಲಂದ್ರ ಹಾಕೋರನ್ನ ಕರ್ಕಂಡು ಬರ್ರಿ." ಬಂದ ಹೆಂಗಸರನ್ನು ಗೋಡೆಗೆ ನಿಲ್ಲಿಸಿ, ಅವರ ಮೊಣಕೈ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಯಂತ್ರದ ಬಾಯಿ ಆ ಎತ್ತರಕ್ಕೇ ಬರಬೇಕು.

"ಏನ್ ಮೇಸ್ತ್ರಿ, ಜಂಪರ್ ಹೊಲಿತೀರೇನು?" ಎಂದು ಹರಪನಹಳ್ಳಿ ಕಡೆಯಿಂದ ಬಂದ ಒಬ್ಬಳು ಛೇಡಿಸಿದಳು.

"ನಿನ್ ಬಾಯಿ ಹೊಲಿತೀನವ್ವ, ಸುಮ್ನ ನಿಂದ್ರು," ಎಂದು ಮೇಸ್ತ್ರಿಯೂ ನಕ್ಕರು.

ಹೆಂಗಸರು ಕೆಲಸ ಮಾಡುವುದನ್ನು ನೋಡಿ ಬಾ ಎಂದು ಮೇಸ್ತ್ರಿ ನನ್ನನ್ನು ಅವಳ ಹೊಲಕ್ಕೆ ಕಳಿಸಿದರು. ನಾನು ತಲುಪಿದಾಗ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಬೇವಿನ ಕೊಂಬೆಯಲ್ಲಿ ನಾಲ್ಕೈದು ಅಂಗಿಗಳು ತೂಗುತ್ತಿದ್ದವು. ಗಂಡಸರವು ಅಂದುಕೊಂಡೆ. ನನಗೂ ರೊಟ್ಟಿ ಕೊಟ್ಟರು, ತಿಂದೆ. ಅವರು ಮತ್ತೆ ಕೆಲಸಕ್ಕೆ ಏಳುವ ಮೊದಲೇ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದೆ. ಮೇಸ್ತ್ರಿಗೆ, ಎಲ್ಲ ನೋಡಿದೆ ಎಂದೆ.

ಯಂತ್ರ ಹೊಲಕ್ಕೆ ಹೋದ ದಿನ ನಾವಿಬ್ಬರೂ ಅಲ್ಲಿದ್ದೆವು. ಧೂಳಿನ ತುರಿಕೆಗೆ ಅಂಜಿ ಆ ಹರಪನಹಳ್ಳಿ ಕಡೆಯವಳು ಸೀರೆಯ ಮೇಲೆ ಗಂಡನ ಅಂಗಿ ತೊಟ್ಟಿದ್ದಳು. ತೋಳು ಬೆರಳು ದಾಟಿ ಇಳಿಬಿದ್ದಿತ್ತು. ಎರಡನೇ ಬುಟ್ಟಿಗೇ ಯಂತ್ರ ಆ ತೋಳನ್ನು ಎಳೆದುಕೊಂಡಿತು. ಮೇಸ್ತ್ರಿ ನುಗ್ಗಿ ಭುಜದ ಹೊಲಿಗೆ ಹರಿದರು. ಅವಳು ಬಿಡಿಸಿಕೊಂಡು ಹಿಂದಕ್ಕೆ ಬಿದ್ದಳು. ಬಟ್ಟೆ ಅವರ ಕೈಗೆ ಸುತ್ತಿಕೊಂಡಿತು... ಯಂತ್ರ ಓಡಿಸುತ್ತಿದ್ದ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದವನು ನಾನು. ಕೈ ಚಾಚಿದ್ದರೆ ಎಂಜಿನ್ ನಿಲ್ಲುತ್ತಿತ್ತು. ಚಾಚಲಿಲ್ಲ. ಡ್ರೈವರ್ ಓಡಿಬಂದು ನಿಲ್ಲಿಸುವಷ್ಟರಲ್ಲಿ ಮೇಸ್ತ್ರಿಯ ಬಲಗೈಯ ಮೂರು ಬೆರಳು ಹೋಗಿದ್ದವು. ಈಗಲೂ ಎಲ್ಲಾದರೂ ಒಕ್ಕುವ ಯಂತ್ರದ ಸದ್ದು ಕೇಳಿದರೆ ಮನಸ್ಸಿನಲ್ಲೇ ಕೈ ಚಾಚುತ್ತೇನೆ. ಪ್ರತಿ ಸಲವೂ ತಡವಾಗುತ್ತದೆ.

ಆಸ್ಪತ್ರೆಯಲ್ಲಿ ಮೇಸ್ತ್ರಿ ಹೇಳಿದರು. "ಸೀರಿ ಉಟ್ಟು ಬಂದ್ರು, ಸೀರ್ಯಾಗ ಅಳತಿ ತಗಂಡೆ. ಹೊಲ್ದಾಗ ಏನ್ ತೊಡ್ತೀರವ್ವ ಅಂತ ಕೇಳ್ಲಿಲ್ಲ ನೋಡು. ತಪ್ಪು ನಂದ ಐತಿ."

ಬೇವಿನ ಕೊಂಬೆಯ ಅಂಗಿಗಳ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ... ಆ ಕೈ ಮತ್ತೆ ವೆಲ್ಡಿಂಗ್ ಮಾಡಲಿಲ್ಲ. ಅಂಗಡಿ ಮುಚ್ಚಿತು, ಗೋಡೆಗೆ ಯಾರೋ ಸುಣ್ಣ ಬಳಿದರು. ಹೋದ ವರ್ಷ ಅವರೂ ಹೋದರು, ತಪ್ಪು ತಮ್ಮದೇ ಎಂದು ನಂಬಿಕೊಂಡು.

"ಏನ್ರಿ ಅಣ್ಣಾರ, ಕೊಡಾಕ ಮನಸಿಲ್ಲೇನು?" ಹಾಲಿನವಳು ನಕ್ಕಳು.

ಅಂಗಿ ತೊಟ್ಟು ಕೈ ಚಾಚಲು ಹೇಳಿದೆ. ಜೋತಾಡುವ ತೋಳನ್ನು ಕತ್ತರಿಸುವ ಮುನ್ನ ಅವಳ ಮಣಿಕಟ್ಟಿನ ನೇರಕ್ಕೆ ಅದರ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ಗೆರೆ ನೆಟ್ಟಗೆ ಬರಲಿಲ್ಲ.