ಹೂವಿನವನ ಎರಡು ನಡಿಗೆ

ಹಡಗಲಿಯ ಶಾಲೆಯೊಂದರಲ್ಲಿ ನಾನು ಚಿತ್ರಕಲೆ ಟೀಚರ್. ಎರಡು ವರ್ಷದ ಹಿಂದೆ, ಮೊಬೈಲಿನಲ್ಲಿ ಪಾಠ ಹೇಳುವವರೊಬ್ಬರ ಬಳಿ ಕೈಯಲ್ಲೇ ಆನಿಮೇಷನ್ ಬರೆಯುವುದನ್ನು ಕಲಿಯಲು ಸೇರಿಕೊಂಡೆ. ಎರಡು ಹೆಜ್ಜೆಗೆ ಹನ್ನೆರಡು ಹಾಳೆ. ಗಾಜಿನ ಕೆಳಗೆ ಬಲ್ಬ್ ಹಚ್ಚಿ, ಹಾಳೆಯ ಮೇಲೆ ಹಾಳೆ ಇಟ್ಟು, ಕಾಲನ್ನು ಚೂರು ಚೂರೇ ಸರಿಸಿ ಬರೆಯಬೇಕು. ಹಾಳೆಗಳ ಕಟ್ಟು ಹಿಡಿದು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಮನುಷ್ಯ ನಡೆಯಬೇಕು. ನಾನು ಬರೆದವನು ತೇಲುತ್ತಿದ್ದ.

“ಇವನಿಗೆ ತೂಕವೇ ಇಲ್ಲ. ಪುಸ್ತಕ ಬಿಟ್ಟು ಬೀದಿ ನೋಡಿ,” ಎಂದರು ಕಲಿಸುವವರು.

ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಮಲ್ಲಿಗೆ ಮಾರುವವನೊಬ್ಬ ಬರುತ್ತಿದ್ದ. ನಲವತ್ತರ ಆಸುಪಾಸು. ಎಡಗೈಯಲ್ಲಿ ಬುಟ್ಟಿ, ಬಲಗೈ ಪ್ಯಾಂಟಿನ ಜೇಬಿನಲ್ಲಿ. ಬಲಗಾಲು ತುಸುವೇ ಎಳೆಯುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು, ಯಾವ ಕಾಲು ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆಂದು ಎಣಿಸಿ ಬರೆದುಕೊಳ್ಳತೊಡಗಿದೆ. ಅವನನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಮೂರನೆಯ ದಿನ ಅವನು ನಿಂತು ನನ್ನ ನೋಟ್‌ಬುಕ್ಕನ್ನೇ ನೋಡಿದ. ಮರುದಿನ ಬರಲಿಲ್ಲ. ಅದರ ಮರುದಿನ ಬಂದಾಗ ಹೆಜ್ಜೆಗೊಮ್ಮೆ ಮೈ ವಾಲುವಷ್ಟು ಕುಂಟುತ್ತಿದ್ದ. ಬುಟ್ಟಿಯ ಹೂವು ಚೆಲ್ಲುವಂತಿತ್ತು. ಶಾಲೆಗೆ ಹೋಗುವಾಗ ನೋಡಿದರೆ, ಬಸ್‌ಸ್ಟ್ಯಾಂಡ್ ಹತ್ತಿರ ಅದೇ ಮನುಷ್ಯ ಜೇಬಿಗೆ ಕೈ ಹಾಕಿಕೊಂಡು ಮೊದಲಿನಂತೆ ನಡೆಯುತ್ತಿದ್ದ.

“ಅತ್ತಿ, ಆ ಹೂವಿನವ ಕುಂಟೋದು ಸುಳ್ಳು ಅನಸ್ತೈತಿ,” ಎಂದೆ ಸಂಜೆ.

“ನನಗೂ ಸಂಶಯ ಇತ್ತು ನೋಡು. ಮೊಳ ಹಾಕೋವಾಗೂ ಅವ ಕೈ ಪೂರ್ತಿ ಚಾಚಂಗಿಲ್ಲ, ಅಳತಿ ಕಡಿಮಿ,” ಎಂದರು ಅತ್ತೆ. ಮಾತು ಪಕ್ಕದ ಮನೆಗೆ ಹೋಯಿತು. ವಾರದೊಳಗೆ ನಾಲ್ಕು ಮನೆಯವರು ಅವನನ್ನು ಕೂಗುವುದು ಬಿಟ್ಟರು.

ನಾನು ಎರಡೂ ನಡಿಗೆ ಬರೆದೆ. ದೊಡ್ಡ ಕುಂಟಿನಲ್ಲಿ ಸುಳ್ಳು ಎಲ್ಲಿದೆ ಎಂದು ಹಾಳೆ ಹಾಳೆಯಲ್ಲೂ ಹುಡುಕಿದೆ. ಸಿಗಲಿಲ್ಲ. ಮೈಭಾರ ಬಿದ್ದ ಕೂಡಲೇ ಮೊಣಕಾಲು ಪ್ರತಿ ಸಲವೂ ಒಂದೇ ಜಾಗದಲ್ಲಿ ಮಡಚುತ್ತಿತ್ತು. ಈಗ ನನ್ನ ಕಣ್ಣಿನ ಮೇಲೆಯೇ ಅನುಮಾನ ಬಂತು.

ಒಂದು ಭಾನುವಾರ ಮಧ್ಯಾಹ್ನ ಅವನು ಬುಟ್ಟಿಯಿಲ್ಲದೆ ಬಂದು ಗೇಟಿನ ಹೊರಗೆ ನಿಂತ.

“ಅಕ್ಕಾರ, ನೀವು ಯಾವ ಆಫೀಸಿನವರ್ರಿ?”

“ಆಫೀಸಿನಾಕಿ ಅಲ್ರಿ. ಚಿತ್ರ ಕಲಿಯಾಕ ಬರಕೋತೀನಿ.”

“ಚಿತ್ರಕ್ಕ ಹೆಜ್ಜಿ ಎಣಸ್ತಾರೇನ್ರಿ?”

ಒಳಗಿಂದ ಕಟ್ಟು ತಂದು ಹೆಬ್ಬೆರಳಿನಿಂದ ಬಿಟ್ಟು ತೋರಿಸಿದೆ. ಇನ್ನೊಮ್ಮೆ ತೋರಿಸಲು ಹೇಳಿದ.

“ಹಿಂದ ಒಬ್ಬರು ಹಿಂಗಾ ನಿಂತು ನೋಡಿ, ಇವನ ಕಾಲು ಸರಿ ಐತಿ ಅಂತ ಬರಕೊಂಡು ಹೋದ್ರು. ನನ್ನ ಅಂಗವಿಕಲರ ಮಾಸಾಶನ ನಿಂತು ಹೋತು. ಮತ್ತ ಚಾಲೂ ಆಗಾಕ ವರ್ಷ ಹಿಡೀತು. ಅದಕ್ಕ ನೀವು ನೋಡೋವಾಗ ಜೇಬಿನಾಗಿನ ಕೈ ತಗದೆ.”

“ಕೈಗೂ ಕಾಲಿಗೂ ಏನ್ರಿ?”

ಅವನು ಜೇಬಿಗೆ ಕೈ ಹಾಕಿ ಗೇಟಿನ ಮುಂದೆ ನಿಧಾನವಾಗಿ ನಡೆದ. ಬಟ್ಟೆಯೊಳಗೆ ಬೆರಳುಗಳು ತೊಡೆಯನ್ನು ಒತ್ತಿ ಹಿಡಿದಿರುವುದು ಆಗ ಕಂಡಿತು. “ಪೋಲಿಯೋ ಆದ ಕಾಲ್ರಿ. ಒತ್ತಿದ್ರ ಮೊಣಕಾಲು ನಿಲ್ತೈತಿ, ಬಿಟ್ರ ಮಡಚ್ತೈತಿ. ಎರಡೂ ನನ್ನ ನಡಿಗಿನಾ.”

ಅತ್ತೆಯ ಮುಂದೆ ಆಡಿದ್ದನ್ನು ಅವನಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ.

“ಗೊತ್ತೈತ್ರಿ. ನಾಕು ಮನಿಯವರು ಒಮ್ಮಿಗೇ ಕೂಗದು ಬಿಟ್ರ ಗೊತ್ತಾಗಂಗಿಲ್ಲೇನು?” ಎಂದು ಕೈ ಚಾಚಿದ. “ಆ ಹಾಳಿ ಕೊಡ್ರಿ.”

ಒಂದು ಕಟ್ಟು ಇಟ್ಟುಕೊಳ್ಳಲೇ ಎಂದು ಕೇಳಿದೆ. ಚಾಚಿದ ಕೈ ಹಾಗೇ ಇತ್ತು. ಎರಡೂ ಕಟ್ಟು, ನೋಟ್‌ಬುಕ್ಕಿನ ಪುಟಗಳು, ಎಲ್ಲ ಕೊಟ್ಟೆ. ಅವನು ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

ಅತ್ತೆಯನ್ನು ಕರೆದುಕೊಂಡು ನಾಲ್ಕೂ ಮನೆಗೆ ಹೋಗಿ ನನ್ನದೇ ತಪ್ಪು ಎಂದೆ. ಮೂರು ಮನೆಯವರು ಮತ್ತೆ ಹೂವು ಕೊಳ್ಳತೊಡಗಿದರು. ನಾಲ್ಕನೆಯ ಮನೆಯಾಕೆ, “ಹಂಗ ಹೇಳು ಅಂತ ಅವನಾ ನಿನಗ ಹೇಳಿದ್ನೇನು?” ಎಂದಳು. ಇವತ್ತಿಗೂ ಕೊಳ್ಳುವುದಿಲ್ಲ.

ಪಾಠಕ್ಕೆ ಅತ್ತೆಯನ್ನು ಕೇಳಿಕೊಂಡು ಅವರ ನಡಿಗೆ ಬರೆದೆ. ಈಗ ಕಾಲು ನೆಲಕ್ಕೆ ಹತ್ತಿದೆ ಎಂದರು ಕಲಿಸುವವರು.

ಹೂವಿನವನು ನಮ್ಮ ಮನೆಗೂ ಬರುತ್ತಾನೆ. ಮೊಳ ಹಾಕಿ ಕೊಟ್ಟು, ಒಂದೆರಡು ಮಾತೂ ಆಡುತ್ತಾನೆ. ಆಮೇಲೆ ಅಲ್ಲೇ ನಿಲ್ಲುತ್ತಾನೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆಯೇ ಅವನು ಹೆಜ್ಜೆ ಎತ್ತುವುದು.